ಚೀನೀಯರ ಊಟದ ಸಮತೋಲನ: ಅಡುಗೆಮನೆಯಿಂದ ಅಂಗಡಿಗೆ

ಬೆಂಗಳೂರಿನ ಬೀದಿಗಳಲ್ಲಿ ಚೀನೀ ಊಟವೆಂದರೆ ಗೋಬಿ ಮಂಚೂರಿ ಮತ್ತು ನೂಡಲ್ಸ್. ಎಣ್ಣೆ, ಉಪ್ಪು, ಖಾರ ಎಲ್ಲವೂ ಅಲ್ಲಿ ಧಾರಾಳ. ಗೋಬಿ ಮಂಚೂರಿ ಹುಟ್ಟಿದ್ದು ಭಾರತದಲ್ಲಿ. ಚೀನಾಕ್ಕೂ ಅದಕ್ಕೂ ಹೆಸರಿನ ನಂಟು ಮಾತ್ರ. ಚೀನಾದ ಸಾಂಪ್ರದಾಯಿಕ ವೈದ್ಯಶಾಸ್ತ್ರವಾದರೋ ಊಟದಲ್ಲಿ ಯಾವುದೂ ಅತಿಯಾಗಬಾರದೆಂಬ ನಿಯಮದಿಂದಲೇ ಆರಂಭವಾಗುತ್ತದೆ. ಉಣ್ಣುವವರ ದೇಹಪ್ರಕೃತಿ, ನಡೆಯುತ್ತಿರುವ ಋತು ಮತ್ತು ತಟ್ಟೆಯಲ್ಲಿರುವ ಪದಾರ್ಥ, ಈ ಮೂರರ ನಡುವೆ ಹೊಂದಾಣಿಕೆ ತರುವುದೇ ಅದರ ದೃಷ್ಟಿಯಲ್ಲಿ ಅಡುಗೆಯ ಉದ್ದೇಶ. ಔಷಧಕ್ಕೂ ಆಹಾರಕ್ಕೂ ಮೂಲ ಒಂದೇ ಎಂಬುದು ಅಲ್ಲಿ ಇಂದಿಗೂ ಮನೆಮಾತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಬಳಿಕ ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದವನಾಗಿ ನಾನು ಆಹಾರವನ್ನು ಕಂಡದ್ದು ಬಹುಪಾಲು ಅಂಕಿಗಳ ಮೂಲಕ. ಎಕರೆಗೆ ಎಷ್ಟು ಇಳುವರಿ, ಗೋದಾಮಿನಲ್ಲಿ ಎಷ್ಟು ದಾಸ್ತಾನು, ಪಡಿತರ ಚೀಟಿಗೆ ಎಷ್ಟು ಕಿಲೋ, ತಲೆಗೆ ಎಷ್ಟು ಕ್ಯಾಲೊರಿ! ಕಡತಗಳು ಕೇಳುವ ಪ್ರಶ್ನೆ ‘ಎಷ್ಟು’ ಎಂಬುದು. ಚೀನಾದ ಆಹಾರಚಿಂತನೆ ಕೇಳುವ ಪ್ರಶ್ನೆಗಳು ಬೇರೆ: ಯಾರಿಗೆ, ಯಾವಾಗ, ಯಾವುದರೊಂದಿಗೆ? ನಿವೃತ್ತಿಯ ನಂತರ ಆ ದೇಶದ ಆರ್ಥಿಕ ಚರಿತ್ರೆಯನ್ನು ಓದುತ್ತ ಹೋದಂತೆ ಈ ಎರಡು ಬಗೆಯ ಪ್ರಶ್ನೆಗಳು ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರವು ಎಂಬುದು ನನಗೆ ಸ್ಪಷ್ಟವಾಯಿತು. ಆ ಪರಂಪರೆ ಅಡುಗೆಮನೆಯಿಂದ ಅಂಗಡಿಗೆ ವರ್ಗವಾಗುತ್ತಿರುವ ಬಗೆಯನ್ನು ಕಂಡಾಗ, ಅದೇ ದಾರಿಯಲ್ಲಿ ಹೆಜ್ಜೆ ಇಡುತ್ತಿರುವ ನಾವೂ ಇದನ್ನು ಗಮನಿಸಬೇಕು ಎನಿಸಿತು.

ಆ ಪದ್ಧತಿಯ ತಿರುಳು ಹೀಗಿದೆ. ಎಲ್ಲ ವಸ್ತುಗಳಲ್ಲೂ ಯಿನ್ ಮತ್ತು ಯಾಂಗ್ ಎಂಬ ಪರಸ್ಪರ ಪೂರಕವಾದ ಎರಡು ಗುಣಗಳಿವೆ. ತಂಪು, ತೇವ, ವಿಶ್ರಾಂತಿ ಯಿನ್‌ನ ಲಕ್ಷಣಗಳು. ಬಿಸಿ, ಒಣತನ, ಚಲನೆ ಯಾಂಗ್‌ನ ಲಕ್ಷಣಗಳು. ಒಂದು ಮೇಲುಗೈ ಪಡೆದಾಗ ಆರೋಗ್ಯ ಕೆಡುತ್ತದೆ. ಹೀಗಾಗಿ ಪ್ರತಿಯೊಂದು ಆಹಾರಪದಾರ್ಥಕ್ಕೂ ಒಂದು ಸ್ವಭಾವವನ್ನು ಗೊತ್ತುಪಡಿಸಲಾಗಿದೆ. ಕೆಲವು ತೀರ ಉಷ್ಣ, ಕೆಲವು ಬೆಚ್ಚಗಿನವು, ಕೆಲವು ತಂಪು, ಕೆಲವು ಶೀತ. ಅಕ್ಕಿಯಂಥವು ಯಾವ ಕಡೆಗೂ ವಾಲದೆ ನಡುವೆ ನಿಲ್ಲುತ್ತವೆ. ಇದರ ಮೇಲೆ ರುಚಿಗಳ ಲೆಕ್ಕ ಬೇರೆ. ಹುಳಿ ಯಕೃತ್ತಿಗೆ, ಕಹಿ ಹೃದಯಕ್ಕೆ, ಸಿಹಿ ಗುಲ್ಮಕ್ಕೆ, ಖಾರ ಶ್ವಾಸಕೋಶಕ್ಕೆ, ಉಪ್ಪು ಮೂತ್ರಪಿಂಡಕ್ಕೆ ಸಂಬಂಧಿಸಿದ್ದೆಂದು ಶಾಸ್ತ್ರ ಹೇಳುತ್ತದೆ. ಇಲ್ಲಿ ಗುಲ್ಮವೆಂದರೆ ಒಟ್ಟಾರೆ ಜೀರ್ಣಶಕ್ತಿ. ಹೀಗೆಯೇ ಉಳಿದವು ಕೂಡ ಆಧುನಿಕ ಶರೀರಶಾಸ್ತ್ರದ ಅವಯವಗಳಿಗಿಂತ ಹೆಚ್ಚಾಗಿ ದೇಹದ ಕಾರ್ಯಗಳ ಗುಂಪುಗಳನ್ನು ಸೂಚಿಸುವ ಹೆಸರುಗಳು.

ಶಾಸ್ತ್ರ ಹೀಗಿದ್ದರೆ ಆಚರಣೆ ಇನ್ನೂ ಸರಳ. ಏಡಿ ಶೀತಪದಾರ್ಥವೆಂದು ಅದನ್ನು ಶುಂಠಿ, ವಿನೆಗರ್ ಮತ್ತು ಬೆಚ್ಚಗೆ ಮಾಡಿದ ಅಕ್ಕಿಯ ಮದ್ಯದೊಂದಿಗೆ ತಿನ್ನುತ್ತಾರೆ. ಬೇಸಿಗೆಯಲ್ಲಿ ಹೆಸರುಕಾಳಿನ ತಿಳಿಸಾರು, ಹಾಗಲಕಾಯಿ, ಕಲ್ಲಂಗಡಿ. ಚಳಿಗಾಲದಲ್ಲಿ ಕುರಿಮಾಂಸದ ಸೂಪು. ಗಾಳಿ ಒಣಗುವ ಶರದೃತುವಿನಲ್ಲಿ ಗಂಟಲಿಗೂ ಶ್ವಾಸಕೋಶಕ್ಕೂ ಹಿತವೆಂದು ಕಲ್ಲುಸಕ್ಕರೆ ಹಾಕಿ ಬೇಯಿಸಿದ ಪೇರ್ ಹಣ್ಣು. ಕಾಯಿಲೆಯಿಂದ ಎದ್ದವರಿಗೆ ತಾವರೆ ಬೀಜವನ್ನೋ ಗೆಣಸಿನ ಜಾತಿಯ ಗೆಡ್ಡೆಯನ್ನೋ ಹಾಕಿದ ಅಕ್ಕಿಗಂಜಿ. ಬಾಣಂತಿಗೆ ಒಂದು ತಿಂಗಳು ತಣ್ಣೀರು ನಿಷಿದ್ಧ, ಶುಂಠಿ ಕಡ್ಡಾಯ. ಬಾಯಿಹುಣ್ಣು, ಗಂಟಲುರಿ, ಮುಖದ ಮೊಡವೆಗಳಿಗೆಲ್ಲ ದೇಹದಲ್ಲಿ ಬೆಂಕಿ ಏರಿರುವುದೇ ಕಾರಣವೆಂದು ಮನೆಯ ಹಿರಿಯರು ತೀರ್ಪು ಕೊಡುತ್ತಾರೆ. ಕರಿದದ್ದನ್ನು ಬಿಟ್ಟು ಸೇವಂತಿಗೆ ಹೂವಿನ ಚಹಾ ಕುಡಿಯಲು ಹೇಳುತ್ತಾರೆ.

ಕನ್ನಡದ ಓದುಗರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ಪಪ್ಪಾಯಿ ಉಷ್ಣ, ಮೆಂತ್ಯ ತಂಪು, ಬಾಣಂತಿಗೆ ಪಥ್ಯ ಎಂಬ ಮಾತುಗಳು ನಮ್ಮ ಮನೆಗಳಲ್ಲೂ ಇವೆ. ಎರಡು ನಾಗರಿಕತೆಗಳ ನಡುವೆ ಇಲ್ಲಿ ಕೊಡುಕೊಳ್ಳುವಿಕೆಯೂ ನಡೆದಿದೆ. ಚೀನೀ ವೈದ್ಯಗ್ರಂಥಗಳಲ್ಲಿ ಬಿಬೋ ಎಂದು ಕರೆಯಲಾಗುವ ಉಷ್ಣದ್ರವ್ಯ ಬೇರೇನೂ ಅಲ್ಲ, ನಮ್ಮ ಹಿಪ್ಪಲಿ. ಸಂಸ್ಕೃತದ ಪಿಪ್ಪಲೀ ಎಂಬ ಹೆಸರೇ ಅಲ್ಲಿ ಹಾಗೆ ರೂಪಾಂತರಗೊಂಡಿದೆ. ಮಲಬಾರಿನ ಕರಿಮೆಣಸು 15ನೇ ಶತಮಾನದಲ್ಲಿ ಝೆಂಗ್ ಹೆಯ ನೌಕಾಪಡೆಗಳು ಕಲ್ಲಿಕೋಟೆಗೆ ಬರುವುದಕ್ಕೂ ಬಹಳ ಮೊದಲೇ ಚೀನೀಯರ ಅಡುಗೆಯನ್ನೂ ಔಷಧವನ್ನೂ ಸೇರಿತ್ತು.

ಆದರೆ ಚೀನಾದಲ್ಲಿ ಈ ವಿಚಾರಕ್ಕೆ ಸಿಕ್ಕ ರಾಜಮನ್ನಣೆ ಗಮನಾರ್ಹವಾದುದು. ಆಡಳಿತದಲ್ಲಿ ಬದುಕು ಕಳೆದ ನನ್ನಂಥವರಿಗೆ ಝೌ ವಂಶದ ಆಡಳಿತ ವ್ಯವಸ್ಥೆಯನ್ನು ವಿವರಿಸುವ ಪ್ರಾಚೀನ ಗ್ರಂಥವಾದ ‘ಝೌ ಲಿ’ ಕುತೂಹಲಕಾರಿ. ಅರಮನೆಯ ವೈದ್ಯರಲ್ಲಿ ನಾಲ್ಕು ವರ್ಗಗಳನ್ನು ಅದು ಹೇಳುತ್ತದೆ: ರೋಗ ನೋಡುವವರು, ವ್ರಣ ನೋಡುವವರು, ಪ್ರಾಣಿಗಳನ್ನು ನೋಡುವವರು ಮತ್ತು ಆಹಾರವೈದ್ಯರು. ಈ ಪಟ್ಟಿಯಲ್ಲಿ ಆಹಾರವೈದ್ಯರದೇ ಮೊದಲ ಸ್ಥಾನ. ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗೆ ರೂಪುಗೊಂಡ ‘ಹುವಾಂಗ್‌ದಿ ನೇಜಿಂಗ್’ ಎಂಬ ಮೂಲಗ್ರಂಥ ಧಾನ್ಯವನ್ನು ಊಟದ ತಳಹದಿಯಾಗಿಸಿ, ಹಣ್ಣು, ಮಾಂಸ, ತರಕಾರಿಗಳನ್ನು ಅದಕ್ಕೆ ಪೂರಕವಾಗಿರಿಸಿತು. 7ನೇ ಶತಮಾನದ ವೈದ್ಯ ಸುನ್ ಸಿಮಿಯಾವೊ ಮೊದಲು ಆಹಾರದಿಂದ ಗುಣಪಡಿಸಲು ಯತ್ನಿಸಬೇಕು, ಅದು ಸೋತಾಗ ಮಾತ್ರ ಔಷಧಕ್ಕೆ ಕೈಹಾಕಬೇಕು ಎಂಬ ನಿಲುವು ತಳೆದ. ಬೆರಿಬೆರಿಗೆ ಧಾನ್ಯದ ತೌಡು, ಇರುಳುಗುರುಡಿಗೆ ಪ್ರಾಣಿಗಳ ಯಕೃತ್ತು, ಗಳಗಂಡಕ್ಕೆ ಕಡಲಕಳೆ ಎಂದು ಅವನು ಸೂಚಿಸಿದ್ದ. ಬಿ1 ಜೀವಸತ್ವ, ಎ ಜೀವಸತ್ವ, ಅಯೋಡಿನ್ ಎಂಬ ಹೆಸರುಗಳು ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ಮೊದಲು ಬಂದ ಸಲಹೆಗಳಿವು. 1330ರಲ್ಲಿ ಮಂಗೋಲ್ ಅರಸರ ಆಸ್ಥಾನದ ಆಹಾರವೈದ್ಯ ಹು ಸಿಹುಯಿ ರಾಜಭೋಜನದ ಕುರಿತೇ ಒಂದು ಗ್ರಂಥ ಒಪ್ಪಿಸಿದ. 1596ರಲ್ಲಿ ಪ್ರಕಟವಾದ ಲಿ ಶಿಝೆನ್‌ನ ಬೃಹತ್ ದ್ರವ್ಯಕೋಶದಲ್ಲಿ 1,892 ವಸ್ತುಗಳ ವಿವರವಿದೆ. ಧಾನ್ಯ, ತರಕಾರಿ, ಹಣ್ಣುಗಳಿಗೆ ಪ್ರತ್ಯೇಕ ವಿಭಾಗಗಳೇ ಇವೆ.

ಹಾಗಾದರೆ ಇದೆಲ್ಲ ಸತ್ಯವೇ? ಪ್ರಾಚೀನವಾದ ಮಾತ್ರಕ್ಕೆ ಒಪ್ಪುವುದೂ ತಪ್ಪು, ಪ್ರಾಚೀನವಾದ ಮಾತ್ರಕ್ಕೆ ತಳ್ಳಿಹಾಕುವುದೂ ತಪ್ಪು. ಪದಾರ್ಥದ ‘ಉಷ್ಣ’ವನ್ನು ಅಳೆಯುವ ಉಪಕರಣವಿಲ್ಲ, ಅದು ಥರ್ಮಾಮೀಟರಿನ ಶಾಖವೂ ಅಲ್ಲ, ಕ್ಯಾಲೊರಿಯೂ ಅಲ್ಲ. ಯಾವ ರುಚಿ ಯಾವ ಅವಯವಕ್ಕೆ ಎಂಬ ಹೊಂದಾಣಿಕೆಗೆ ಪ್ರಯೋಗಾಲಯದ ಆಧಾರವಿಲ್ಲ. ಪರಂಪರೆಯನ್ನು ಪರೀಕ್ಷೆಗೊಡ್ಡುವ ಕೆಲಸವನ್ನು ಚೀನೀಯರೇ ಮಾಡಿದ್ದಾರೆ. ಕೆಲವು ಆಹಾರಗಳನ್ನು ಒಟ್ಟಿಗೆ ತಿಂದರೆ ವಿಷವಾಗುತ್ತದೆ ಎಂಬ ನಂಬಿಕೆ ಅಲ್ಲಿ ವ್ಯಾಪಕ. 1930ರ ದಶಕದಲ್ಲಿ ನಾನ್‌ಜಿಂಗ್‌ನ ಜೀವರಸಾಯನ ವಿಜ್ಞಾನಿ ಝೆಂಗ್ ಜಿ ಇಂಥ ‘ವಿರುದ್ಧ ಆಹಾರ’ಗಳನ್ನು ಪಟ್ಟಿಮಾಡಿ, ಹೆಚ್ಚು ಪ್ರಚಲಿತವಾಗಿದ್ದ 14 ಜೋಡಿಗಳನ್ನು ಪ್ರಾಣಿಗಳಿಗೂ ಮನುಷ್ಯರಿಗೂ ತಿನ್ನಿಸಿ ನೋಡಿದರು. ಯಾರಿಗೂ ವಿಷವೇರಲಿಲ್ಲ. ಇನ್ನೊಂದು ಬದಿಯಲ್ಲಿ, 4ನೇ ಶತಮಾನದ ವೈದ್ಯ ಗೆ ಹಾಂಗ್ ಜ್ವರಕ್ಕೆ ಸೂಚಿಸಿದ್ದ ಒಂದು ಸಸ್ಯದ ರಸದ ಸುಳಿವು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಳೆಯ ಹೊತ್ತಗೆ ಸುಳಿವು ಕೊಟ್ಟಿತು. ಔಷಧವನ್ನು ಕೊಟ್ಟದ್ದು ಪ್ರಯೋಗ. ಆಹಾರದ ವಿಷಯದಲ್ಲೂ ಇದೇ ಕ್ರಮ ಸರಿಯೆಂದು ನನ್ನ ಅಭಿಪ್ರಾಯ.

ಉಪ್ಪಿನ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಉಪ್ಪು ಅತಿಯಾದರೆ ರಕ್ತದ ಹರಿವು ಕೆಡುತ್ತದೆ ಎಂಬ ಎಚ್ಚರಿಕೆ ‘ನೇಜಿಂಗ್’ನಲ್ಲೇ ಇದೆ. ಆದರೂ ಸೋಯಾ ಸಾಸ್, ಉಪ್ಪುನೀರಿನಲ್ಲಿ ಹಾಕಿಟ್ಟ ತರಕಾರಿ, ಉಪ್ಪುಮೀನುಗಳ ಆ ನಾಡಿನಲ್ಲಿ ಒಬ್ಬ ವಯಸ್ಕ ದಿನಕ್ಕೆ ಸೇವಿಸುವ ಉಪ್ಪು ಸುಮಾರು 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂಗಿಂತ ಕಡಿಮೆ. ಗ್ರಂಥವಿದ್ದ ಮಾತ್ರಕ್ಕೆ ಜನ ಅದರಂತೆ ಉಣ್ಣುವುದಿಲ್ಲ. ಈ ಹಿನ್ನೆಲೆಯಲ್ಲಿ ಉತ್ತರ ಚೀನಾದ ಗ್ರಾಮಾಂತರದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. 600 ಹಳ್ಳಿಗಳ ಸುಮಾರು 21 ಸಾವಿರ ಜನ ಇದರಲ್ಲಿದ್ದರು. ಎಲ್ಲರೂ ಹಿಂದೆ ಪಾರ್ಶ್ವವಾಯುವಿಗೆ ತುತ್ತಾದವರು ಅಥವಾ ರಕ್ತದೊತ್ತಡವಿದ್ದ 60 ದಾಟಿದವರು. ಅರ್ಧದಷ್ಟು ಹಳ್ಳಿಗಳಿಗೆ ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಡಲಾಯಿತು. ಸುಮಾರು ಐದು ವರ್ಷಗಳ ಬಳಿಕ, 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾಗಿತ್ತು. ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಅಪಾಯಕಾರಿಯಾದ್ದರಿಂದ ಗಂಭೀರ ಮೂತ್ರಪಿಂಡ ರೋಗಿಗಳನ್ನು ಪ್ರಯೋಗದಿಂದ ಹೊರಗಿಡಲಾಗಿತ್ತು. ಎಲ್ಲರಿಗೂ ಒಂದೇ ಪಥ್ಯ ಸಲ್ಲದು ಎಂಬ ಹಳೆಯ ಮಾತಿಗೆ ಹೊಸ ವಿಜ್ಞಾನವೂ ಹೀಗೆ ಬಂದು ನಿಲ್ಲುತ್ತದೆ.

ಇನ್ನು ಅರ್ಥಶಾಸ್ತ್ರದ ಮಾತಿಗೆ ಬರೋಣ. ಸಮತೋಲನದ ಚರ್ಚೆ ತಟ್ಟೆಯಲ್ಲಿ ಏನಾದರೂ ಇದ್ದಾಗ ಮಾತ್ರ ಸಾಧ್ಯ. 1959ರಿಂದ 1961ರವರೆಗಿನ ಮಹಾಕ್ಷಾಮದಲ್ಲಿ ಸತ್ತ ಚೀನೀಯರ ಸಂಖ್ಯೆಯ ಅಂದಾಜುಗಳು ಒಂದೂವರೆ ಕೋಟಿಯಿಂದ ನಾಲ್ಕು ಕೋಟಿಯನ್ನೂ ಮೀರುತ್ತವೆ. ಎರಡು ಸಾವಿರ ವರ್ಷಗಳ ಆಹಾರವಿವೇಕ ಆ ಮೂರು ವರ್ಷಗಳಲ್ಲಿ ಯಾರನ್ನೂ ಕಾಪಾಡಲಿಲ್ಲ. ಸುಳ್ಳು ಇಳುವರಿ ವರದಿಗಳ ಮೇಲೆ ಧಾನ್ಯ ವಸೂಲಿ ಮಾಡಿದ ಆಡಳಿತ, ಅದನ್ನು ಪ್ರಶ್ನಿಸಬಲ್ಲ ಪತ್ರಿಕೆಗಳಾಗಲೀ ವಿರೋಧ ಪಕ್ಷವಾಗಲೀ ಇಲ್ಲದ ಸ್ಥಿತಿ, ಇವೇ ದುರಂತಕ್ಕೆ ಕಾರಣವೆಂದು ಅಮರ್ತ್ಯ ಸೇನ್ ಹಲವು ಬಾರಿ ವಿವೇಚಿಸಿದ್ದಾರೆ. 1955ರಲ್ಲಿ ಆರಂಭವಾದ ಧಾನ್ಯದ ಕೂಪನ್ ಪದ್ಧತಿ ಕೊನೆಗೊಂಡದ್ದು 1993ರಲ್ಲಿ. ಅಂದರೆ ಸುಮಾರು ನಾಲ್ಕು ದಶಕಗಳ ಕಾಲ ನಗರದ ಗೃಹಿಣಿಗೆ ಯಾವ ಪದಾರ್ಥ ಉಷ್ಣ, ಯಾವುದು ಶೀತ ಎಂಬುದಕ್ಕಿಂತ ಈ ತಿಂಗಳ ಕೂಪನ್ ಸಾಕಾಗುವುದೇ ಎಂಬ ಚಿಂತೆಯೇ ದೊಡ್ಡದಾಗಿತ್ತು.

ನಂತರ ಬಂದದ್ದು ಸಮೃದ್ಧಿ. 1978ರ ಆರ್ಥಿಕ ಸುಧಾರಣೆಗಳ ಬಳಿಕ ಹಂದಿಮಾಂಸ, ಎಣ್ಣೆ, ಸಕ್ಕರೆ ಎಲ್ಲವೂ ಕೈಗೆಟುಕಿದವು. ಮೈ ಬಗ್ಗಿಸಿ ದುಡಿಯುವುದು ಕಡಿಮೆಯಾಯಿತು. 1980ರಲ್ಲಿ ಶೇ 1ಕ್ಕಿಂತ ಕಡಿಮೆಯಿದ್ದ ಮಧುಮೇಹ 2010ರ ಸಮೀಕ್ಷೆಯಲ್ಲಿ ವಯಸ್ಕರ ಶೇ 11.6ರಷ್ಟು ಜನರಲ್ಲಿ ಕಂಡುಬಂತು. 2021ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಅಂದಾಜಿನಂತೆ ಚೀನಾದ ಮಧುಮೇಹಿಗಳು 14 ಕೋಟಿ. ಜಗತ್ತಿನಲ್ಲೇ ಮೊದಲ ಸ್ಥಾನ, ಎರಡನೆಯದು ನಮ್ಮದು. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಧಿಕ ತೂಕದವರೆಂದು 2020ರಲ್ಲಿ ಅಲ್ಲಿನ ಸರ್ಕಾರವೇ ಪ್ರಕಟಿಸಿತು. ಹಸಿವಿನ ಕಾಲದಲ್ಲಿ ಅನ್ವಯಿಸಲಾಗದಿದ್ದ ಮಿತಾಹಾರದ ತತ್ವ ನಿಜಕ್ಕೂ ಬೇಕಾಗಿದ್ದುದು ಈಗ. ಆದರೆ ಆ ಹೊತ್ತಿಗೆ ಅಡುಗೆಮನೆಯ ಜ್ಞಾನ ಅಂಗಡಿಯ ಕಪಾಟು ಸೇರತೊಡಗಿತ್ತು.

ಚೀನಾದ ಆರೋಗ್ಯ ಸಚಿವಾಲಯ 2002ರಲ್ಲಿ ಆಹಾರವೂ ಔಷಧವೂ ಆಗಿರುವ 87 ಪದಾರ್ಥಗಳ ಅಧಿಕೃತ ಪಟ್ಟಿ ಹೊರಡಿಸಿತು. ಶುಂಠಿ, ಜೇನು, ತಾವರೆ ಬೀಜ, ಲವಂಗ, ನಮ್ಮ ನೆಲ್ಲಿಕಾಯಿ ಎಲ್ಲ ಅದರಲ್ಲಿವೆ. 2019ರ ಕೊನೆಗೆ ಅರಿಸಿನ, ಕೇಸರಿ, ಹಿಪ್ಪಲಿ ಮುಂತಾದ ಆರು ಸೇರಿದವು, ಅದೂ ಸಾಂಬಾರ ಪದಾರ್ಥಗಳಾಗಿ ಮಾತ್ರ. ಇಂದು ಪಟ್ಟಿ ನೂರನ್ನು ದಾಟಿದೆ. ಆಹಾರದಲ್ಲಿ ಏನು ಬಳಸಬಹುದು, ಏನು ಕೂಡದು ಎಂಬ ಗೆರೆ ಎಳೆಯುವುದು ಆಡಳಿತದ ದೃಷ್ಟಿಯಿಂದ ಒಳ್ಳೆಯ ಕ್ರಮವೇ. ಆದರೆ ಪಟ್ಟಿಗೆ ಸೇರಿದ್ದು ಮಾರುಕಟ್ಟೆಯಲ್ಲಿ ಮೊಹರು ಬಿದ್ದ ಸರಕಾಗುತ್ತದೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಸೆಕೆಗೆ ಮದ್ದಾಗಿ ಜನ ಕುಡಿಯುತ್ತಿದ್ದ, 2006ರಲ್ಲಿ ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿದ ಕಹಿ ಕಷಾಯ ಇಂದು ಸಕ್ಕರೆ ಬೆರೆತ ಡಬ್ಬಿಯ ಪಾನೀಯವಾಗಿ ದೇಶವೆಲ್ಲ ಮಾರಾಟವಾಗುತ್ತಿದೆ. ದೇಹದ ‘ಬೆಂಕಿ’ ತಣಿಸುವ ಹೆಸರಿನಲ್ಲಿ ಮಧುಮೇಹಿಗಳ ದೇಶಕ್ಕೆ ಸಕ್ಕರೆ ಕುಡಿಸುವ ವ್ಯಾಪಾರವಿದು. ನಮಗೂ ಪರಿಚಿತವಾದ ಜ್ಯೇಷ್ಠಮಧು ಕೂಡ ಆ 87ರಲ್ಲಿ ಒಂದು. ವೈದ್ಯ ಇತರ ದ್ರವ್ಯಗಳೊಂದಿಗೆ ಅಳೆದು ಕೊಟ್ಟರೆ ಸರಿ. ದಿನವೂ ಹೆಚ್ಚಾಗಿ ತಿಂದರೆ ಅದು ರಕ್ತದ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ನಿಸರ್ಗದಿಂದ ಬಂದದ್ದೆಲ್ಲ ನಿರಪಾಯಕರ ಎಂಬ ಭ್ರಮೆ ಹಳೆಯ ವೈದ್ಯರಿಗೂ ಇರಲಿಲ್ಲ.

ಇದೇ ಪಟ್ಟಿಯಲ್ಲಿರುವ ಎಜಿಯಾವೊ ಎಂಬ ವಸ್ತುವಿನ ಕಥೆ ಇನ್ನೂ ಗಂಭೀರ. ಕತ್ತೆಯ ಚರ್ಮವನ್ನು ಕುದಿಸಿ ತೆಗೆದ ಅಂಟು ಇದು; ರಕ್ತವೃದ್ಧಿಗೆ, ಮುಖ್ಯವಾಗಿ ಮಹಿಳೆಯರಿಗೆ, ಒಳ್ಳೆಯದೆಂಬ ನಂಬಿಕೆ. ಒಂದು ಕಾಲಕ್ಕೆ ಅನುಕೂಲಸ್ಥರ ವಸ್ತುವಾಗಿದ್ದ ಇದನ್ನು ಹೊಸ ಮಧ್ಯಮ ವರ್ಗ ಮಿಠಾಯಿಯ ರೂಪದಲ್ಲಿ ತಿನ್ನತೊಡಗಿತು. 1990ರ ದಶಕದ ಆರಂಭದಲ್ಲಿ ಸುಮಾರು 1.1 ಕೋಟಿಯಿದ್ದ ಚೀನಾದ ಕತ್ತೆಗಳು ಈಗ 20 ಲಕ್ಷದ ಆಸುಪಾಸಿಗೆ ಇಳಿದಿವೆ. ಯಂತ್ರಗಳು ಬಂದದ್ದೂ ಇದಕ್ಕೆ ಕಾರಣ, ಚರ್ಮದ ಬೇಡಿಕೆಯೂ ಕಾರಣ. ಕೊರತೆ ತುಂಬಲು ವ್ಯಾಪಾರಿಗಳು ಆಫ್ರಿಕಾದತ್ತ ತಿರುಗಿದರು. ಅಲ್ಲಿ ನೀರು, ಸೌದೆ, ಸಂತೆಯ ಸಾಮಾನು ಹೊರುವುದು ಕತ್ತೆ. ಅದು ಕಳುವಾದರೆ ಆ ಹೊರೆ ಹೆಂಗಸರ ಮತ್ತು ಮಕ್ಕಳ ತಲೆಯ ಮೇಲೆ ಬರುತ್ತದೆ. ಕೊನೆಗೆ 2024ರ ಫೆಬ್ರುವರಿಯಲ್ಲಿ ಆಡಿಸ್ ಅಬಾಬದಲ್ಲಿ ಸೇರಿದ್ದ ಆಫ್ರಿಕಾ ಒಕ್ಕೂಟದ ನಾಯಕರು ಚರ್ಮಕ್ಕಾಗಿ ಕತ್ತೆಗಳ ವಧೆಯನ್ನು ಖಂಡದಾದ್ಯಂತ ನಿಷೇಧಿಸಲು ನಿರ್ಧರಿಸಿದರು. ಒಬ್ಬರ ದೇಹದ ಸಮತೋಲನಕ್ಕಾಗಿ ಇನ್ನೊಬ್ಬರ ಬದುಕಿನ ಸಮತೋಲನ ತಪ್ಪಿಸುವುದನ್ನು ಅರ್ಥಶಾಸ್ತ್ರ ಬಾಹ್ಯವೆಚ್ಚ ಎನ್ನುತ್ತದೆ. ಶಾಂಘೈ ನಗರದ ಅಂಗಡಿಯ ಬೆಲೆಪಟ್ಟಿಯಲ್ಲಿ ಕೀನ್ಯಾದ ಹೆಣ್ಣುಮಗಳ ನೀರಿನ ಕೊಡದ ಭಾರ ಕಾಣುವುದಿಲ್ಲ.

ಚೀನಾದ ಆರೋಗ್ಯ ಆಡಳಿತ ಈಚೆಗೆ ಹಿಡಿದಿರುವ ಇನ್ನೊಂದು ದಾರಿ ಇದಕ್ಕಿಂತ ಆಶಾದಾಯಕವಾಗಿದೆ. 2022ರಲ್ಲಿ ಅಲ್ಲಿನ ಪೋಷಣಶಾಸ್ತ್ರ ಸಂಘ ಪರಿಷ್ಕರಿಸಿದ ಆಹಾರ ಮಾರ್ಗಸೂಚಿ ದಿನಕ್ಕೆ ಕನಿಷ್ಠ 12, ವಾರಕ್ಕೆ 25 ಬಗೆಯ ಪದಾರ್ಥಗಳನ್ನು ತಿನ್ನಲು, ಉಪ್ಪನ್ನು 5 ಗ್ರಾಂಗೆ ಮಿತಿಗೊಳಿಸಲು ಹೇಳುತ್ತದೆ. 2023ರ ಜನವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಆಯೋಗ ರಕ್ತದೊತ್ತಡ, ಮಧುಮೇಹ ಮತ್ತು ರಕ್ತದ ಕೊಬ್ಬು ಹೆಚ್ಚಿರುವ ವಯಸ್ಕರಿಗೆ, ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಪ್ರತ್ಯೇಕ ಆಹಾರ ಮಾರ್ಗದರ್ಶಿಗಳನ್ನು ಹೊರತಂದಿತು. ಪ್ರದೇಶ ಮತ್ತು ಋತುವಿಗೆ ತಕ್ಕ ಊಟದ ಪಟ್ಟಿಗಳು ಅವುಗಳಲ್ಲಿವೆ. ಸಾಂಪ್ರದಾಯಿಕ ವೈದ್ಯದ ದೇಹಪ್ರಕೃತಿಯ ವಿಂಗಡಣೆಯೂ ಇದೆ, ಆಧುನಿಕ ಪೋಷಣಶಾಸ್ತ್ರದ ಗ್ರಾಂ ಲೆಕ್ಕವೂ ಇದೆ. ವಿಂಗಡಣೆಯ ವೈಜ್ಞಾನಿಕತೆ ಚರ್ಚಾಸ್ಪದವೇ ಆದರೂ ಇಲ್ಲಿ ಮಾರಲು ಯಾವ ಪೊಟ್ಟಣವೂ ಇಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ತನ್ನ ಊರಿನ ಸಂತೆಯಲ್ಲಿ ಸಿಗುವ ಸೊಪ್ಪು, ಕಾಳು, ಮೀನುಗಳಿಂದಲೇ ರೋಗಿ ತನ್ನ ಊಟವನ್ನು ತಿದ್ದಿಕೊಳ್ಳಬಹುದು.

ನಮ್ಮ ದೇಶದಲ್ಲಿ ಆಯುರ್ವೇದ ಆಹಾರಗಳಿಗೆ ಪ್ರತ್ಯೇಕ ನಿಯಮಾವಳಿ 2022ರಲ್ಲಿ ಜಾರಿಗೆ ಬಂದಿದೆ. ಚೀನಾ 2002ರಲ್ಲಿ ಪಟ್ಟಿ ಹೊರಡಿಸಿದಾಗ ಹಿಡಿದ ದಾರಿಯನ್ನು ನಾವು ಎರಡು ದಶಕ ತಡವಾಗಿ ಹಿಡಿದಿದ್ದೇವೆ; ಅವರ ಅನುಭವದಿಂದ ಕಲಿಯುವ ಅನುಕೂಲ ನಮಗಿದೆ. ಮೊಹರು ಕೊಡುವ ಪ್ರಾಧಿಕಾರ ಪ್ರತಿಯೊಂದು ಆರೋಗ್ಯ ಭರವಸೆಗೂ ಪುರಾವೆ ಕೇಳಬೇಕು. ಡಬ್ಬಿಯಲ್ಲಿರುವ ಸಕ್ಕರೆ ಮತ್ತು ಉಪ್ಪಿನ ಪ್ರಮಾಣವನ್ನು ಪರಂಪರೆಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕು. ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುತ್ತಿರುವವರು ಕಷಾಯ ನಂಬಿ ಅದನ್ನು ನಿಲ್ಲಿಸದಂತೆ ವೈದ್ಯರು ಎಚ್ಚರಿಸಬೇಕು.

ಓದುಗರು ಈ ಚೀನೀ ಪರಂಪರೆಯಿಂದ ಏನನ್ನಾದರೂ ತೆಗೆದುಕೊಳ್ಳುವುದಾದರೆ ಅದರ ಪ್ರಶ್ನೆಗಳನ್ನು ತೆಗೆದುಕೊಳ್ಳಲಿ ಎಂಬುದು ನನ್ನ ಸಲಹೆ. ಇದು ಯಾರಿಗೆ, ಯಾವ ಋತುವಿನಲ್ಲಿ, ಯಾವುದರ ಜೊತೆಗೆ, ಎಷ್ಟು? ಇವಕ್ಕೆ ಉತ್ತರ ಕೊಡಬಲ್ಲವರು ಉಣ್ಣುವವರನ್ನು ಬಲ್ಲ ಮನೆಯವರು ಮತ್ತು ಅವರ ರಕ್ತಪರೀಕ್ಷೆಯ ವರದಿಯನ್ನು ಬಲ್ಲ ವೈದ್ಯರು. ಉಣ್ಣುವವರು ಯಾರೆಂದು ತಿಳಿಯದ ಕಾರ್ಖಾನೆ ಈ ಉತ್ತರವನ್ನು ಡಬ್ಬಿಯಲ್ಲಿ ತುಂಬಿ ಕಳುಹಿಸಲಾರದು.